ಹೆಬ್ಬೆಟ್ಟು ಒತ್ತುವವರಿಗೆ ಇಂಗ್ಲಿಷ್ ಚೆಕ್‌ಲಿಸ್ಟ್: ಮೊದಲು ಕನ್ನಡ ಅಕ್ಷರವಾ, ನೇರ ಇಂಗ್ಲಿಷಾ?

ಸಿರಾ_ಸೂಪರ್‌ವೈಸರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬೆಂಗಳೂರು ಔಟರ್ ರಿಂಗ್ ರೋಡಿನ ಒಂದು ಆಫೀಸ್ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನನ್ನ ಶಿಫ್ಟಿನಲ್ಲಿ 14 ಜನ. 11 ಹೆಂಗಸರು, 3 ಗಂಡಸರು. ಇವರಲ್ಲಿ ಐದು ಜನಕ್ಕೆ ಓದು ಬರಹ ಏನೂ ಬರುವುದಿಲ್ಲ. ಎಲ್ಲಿ ಸಹಿ ಕೇಳಿದರೂ ಹೆಬ್ಬೆಟ್ಟು. ಉಳಿದವರು ಐದನೇ ಕ್ಲಾಸು, ಏಳನೇ ಕ್ಲಾಸು. ಒಬ್ಬಳು ಮಾತ್ರ ಎಸ್ಸೆಸ್ಸೆಲ್ಸಿ.

ಟಾಯ್ಲೆಟ್ ಬಾಗಿಲ ಹಿಂದೆ ಒಂದು ಚೆಕ್‌ಲಿಸ್ಟ್ ನೇತು ಹಾಕಿರುತ್ತಾರೆ, ನೋಡಿರುತ್ತೀರಿ. ಫ್ಲೋರ್, ಮಿರರ್, ಸೋಪ್, ಟಿಶ್ಯೂ, ಡಸ್ಟ್‌ಬಿನ್, ಟೈಮ್, ಸೈನ್. ಇಷ್ಟು ದಿನ ಹಾಳೆ ಬರೆದು ಹಾಕುತ್ತಿದ್ದವನೂ ನಾನೇ, ಸಂಜೆ ಹೊತ್ತಿಗೆ ಎಲ್ಲ ಕಾಲಂ ತುಂಬುತ್ತಿದ್ದವನೂ ನಾನೇ. ತಪ್ಪು, ಗೊತ್ತು. ಈಗ ಕಟ್ಟಡದ ಕಡೆಯಿಂದ ಹೊಸ ಮ್ಯಾನೇಜರ್ ಬಂದಿದ್ದಾರೆ. ಯಾರು ಕ್ಲೀನ್ ಮಾಡಿದರೋ ಅವರೇ, ಗಂಟೆಗೊಮ್ಮೆ, ಇಂಗ್ಲಿಷಿನಲ್ಲೇ ತುಂಬಬೇಕು ಅಂತ ಆರ್ಡರ್.

ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ಮೂರು ವಾರದ ಹಿಂದೆ ಬ್ಲೀಚಿಂಗ್ ಪೌಡರ್ ಹಾಕಿದ್ದ ಕಮೋಡಿಗೆ ನಮ್ಮ ಅಕ್ಕ ಒಬ್ಬರು ಟಾಯ್ಲೆಟ್ ಆಸಿಡ್ ಸುರಿದುಬಿಟ್ಟರು. ಸ್ಟೋರಿನವರು ಆಸಿಡನ್ನು ಖಾಲಿ ಫ್ಲೋರ್ ಕ್ಲೀನರ್ ಕ್ಯಾನಿಗೆ ತುಂಬಿ, ಮೇಲೆ ಮಾರ್ಕರಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಅಕ್ಕನಿಗೆ ಗೊತ್ತಿರುವುದು ಕ್ಯಾನಿನ ಬಣ್ಣ ಮಾತ್ರ. ಘಾಟು ಎದ್ದು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಹೊರಗೆ ಕರೆದುಕೊಂಡು ಬಂದು ಕೂರಿಸಿದೆವು. ಸಂಜೆ ಹೊತ್ತಿಗೆ ಸುಧಾರಿಸಿಕೊಂಡರು. ಆದರೆ ನನ್ನ ಕೈ ನಡುಕ ನಿಂತಿದ್ದು ಮರುದಿನ.

ಹಾಗಾಗಿ ಕಲಿಸಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಎರಡು ಗಂಟೆಗೆ ಶಿಫ್ಟ್ ಬದಲಾಗುವಾಗ 20 ನಿಮಿಷ ಸಿಗುತ್ತದೆ. ದುಡ್ಡು ಯಾರೂ ಕೊಡುವುದಿಲ್ಲ. ನನ್ನದೇ ಇಂಗ್ಲಿಷ್ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ? ಆಪ್ ಇದೆಯಾ? ಪುಸ್ತಕ ಇದೆಯಾ?

ಸುಮ್ನೆ_ಓದುಗ:

ಮೊದಲು ಆ ಸ್ಟೋರಿನವರಿಗೆ ಓದು ಬರಹ ಕಲಿಸಿ ಸ್ವಾಮಿ.

ಪೀಣ್ಯ_ಲೇತ್:

@ಸುಮ್ನೆ_ಓದುಗ ಹೇಳಿದ್ದು ತಮಾಷೆಯಲ್ಲ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಇಂಗ್ಲಿಷ್ ಕಲಿಯುವ ತನಕ ಕಾಯಬೇಡಿ. ಇವತ್ತೇ ಆಸಿಡ್ ಕ್ಯಾನಿಗೆ ಕೆಂಪು ಟೇಪ್ ಸುತ್ತಿ. ಒಂದರ ಕ್ಯಾನಿಗೆ ಇನ್ನೊಂದು ತುಂಬುವುದು ಬಂದ್. ಇದು ಪಾಠ ಅಲ್ಲ, ಕೆಲಸ.

ಪಾಠದ ವಿಷಯಕ್ಕೆ ಬಂದರೆ ನನ್ನ ಕಥೆ ಕೇಳಿ. ನಾನು ಏಳನೇ ಕ್ಲಾಸ್ ಫೇಲು. ಹೆಲ್ಪರ್ ಆಗಿ ಸೇರಿದವನು, ಈಗ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್ ಕೋಡಿನಿಂದ ಓಡುವ ಮಷೀನ್ ಸಿದ್ಧ ಮಾಡುವವನು. ನನಗೆ ಇಂಗ್ಲಿಷ್ ಕಲಿಸಿದ್ದು ಮಷೀನೇ. ಜಿ ಸೊನ್ನೆ ಸೊನ್ನೆ ಅಂದರೆ ಟೂಲ್ ಸರ್ರಂತ ಹೋಗುತ್ತದೆ, ಜಿ ಸೊನ್ನೆ ಒಂದು ಅಂದರೆ ಕಡಿಯುತ್ತಾ ಹೋಗುತ್ತದೆ, ಎಂ ಎಂಟು ಕೂಲೆಂಟ್, ಎಂ ಮೂವತ್ತು ಪ್ರೋಗ್ರಾಂ ಮುಗೀತು. ಇದನ್ನು ಯಾರೂ ಇಂಗ್ಲಿಷ್ ಪಾಠ ಅಂತ ಹೇಳಿಕೊಡಲಿಲ್ಲ. ಹೇಳಿದ್ದರೆ ಓಡಿಹೋಗುತ್ತಿದ್ದೆ.

ಒಂದು ರಾತ್ರಿ ಪಾಳಿಯಲ್ಲಿ ಮಷೀನ್ ನಿಂತಿತು. ಸ್ಕ್ರೀನ್ ಮೇಲೆ ಏನೋ ಅಲಾರ್ಮ್. ಎಲ್ಲರೂ ಸರ್ವಿಸ್‌ನವರಿಗೆ ಫೋನ್ ಮಾಡೋಣ ಅಂದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಲೋ... ಲ್ಯೂಬ್. ಎಣ್ಣೆ ಕಮ್ಮಿ! ಡಬ್ಬದಿಂದ ಎಣ್ಣೆ ಸುರಿದೆ, ರೀಸೆಟ್ ಒತ್ತಿದೆ, ಓಡಿತು. ಆವತ್ತಿನಿಂದ ನನ್ನನ್ನು ‘ಇಂಜಿನಿಯರ್’ ಅಂತ ಚುಡಾಯಿಸುತ್ತಾರೆ. ನಿಮ್ಮವರಿಗೂ ಅವರ ಕ್ಯಾನು, ಅವರ ಮಷೀನಿನಿಂದಲೇ ಶುರು ಮಾಡಿ. ಎ ಫಾರ್ ಆಪಲ್ ಬೇಡವೇ ಬೇಡ.

ನಿವೃತ್ತ_ಮೇಷ್ಟ್ರು_ದುರ್ಗ:

ನಾನು 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡಿದವನು. ರಾತ್ರಿ ಎಂಟು ಗಂಟೆಗೆ ಗುಡಿ ಜಗಲಿ ಮೇಲೆ ಲಾಟೀನು ಇಟ್ಟು ಕಲಿಸುತ್ತಿದ್ದೆವು. ಮೂರು ಪ್ರೈಮರ್, ಅಂದರೆ ಅಕ್ಷರ ಕಲಿಸುವ ಪುಸ್ತಕ, ಒಟ್ಟು 200 ಗಂಟೆ ಪಾಠ ಅಂತ ಲೆಕ್ಕ. ಅದರ ಅನುಭವದ ಮೇಲೆ ಹೇಳುತ್ತೇನೆ: ಓದು ಬರದವರಿಗೆ ಮೊದಲು ಆಡುವ ಭಾಷೆಯ ಅಕ್ಷರ. ಆಮೇಲೆ ಇಂಗ್ಲಿಷ್. ಉಲ್ಟಾ ಮಾಡಿದರೆ ಎರಡೂ ಹೋಗುತ್ತದೆ.

ಅ ಆ ಇ ಈ ಕ್ರಮದಲ್ಲಿ ಹೋಗಬೇಡಿ. ನಲಿಕಲಿ ಶಾಲೆಗಳಲ್ಲಿ ಮಕ್ಕಳಿಗೆ ರ ಗ ಸ ದ ಅ ಅಂತ ಶುರು ಮಾಡುತ್ತಾರೆ. ಬರೆಯಲು ಸುಲಭ, ಆಕಾರಗಳು ಒಂದಕ್ಕೊಂದು ಹತ್ತಿರ. ಐದೇ ಅಕ್ಷರಕ್ಕೆ ದರ, ಸರ, ಅಗಸ, ಅರಸ, ಗರಗಸ ಎಲ್ಲ ಬಂದುಬಿಡುತ್ತವೆ. ಮೊದಲ ವಾರವೇ ‘ಸರ’ ಅಂತ ಓದಿ ತನ್ನ ಕೊರಳು ಮುಟ್ಟಿ ನೋಡಿಕೊಂಡ ಹೆಂಗಸನ್ನು ನಾನು ಕಂಡಿದ್ದೇನೆ. ಆ ಖುಷಿ ಇಲ್ಲದೆ ದೊಡ್ಡವರು ಎರಡನೇ ವಾರಕ್ಕೆ ಬರುವುದಿಲ್ಲ.

ಕೋಡರ್_ಕೋರಮಂಗಲ:

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಒಪ್ಪುವುದಿಲ್ಲ. ಕನ್ನಡದಲ್ಲಿ 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಇಂಗ್ಲಿಷಿನಲ್ಲಿ 26. ಇವರಿಗೆ ಬೇಕಾಗಿರುವುದು ಹೆಚ್ಚೆಂದರೆ 30 ಪದ. ದಿನಕ್ಕೆ 20 ನಿಮಿಷದಲ್ಲಿ ಕನ್ನಡ ಮುಗಿಸಿ ಇಂಗ್ಲಿಷಿಗೆ ಬರುವ ಹೊತ್ತಿಗೆ ಅರ್ಧ ಜನ ಕೆಲಸ ಬಿಟ್ಟಿರುತ್ತಾರೆ. 30 ಪದಗಳನ್ನು ಚಿತ್ರದ ಹಾಗೆ ಗುರುತು ಹಿಡಿಸಿ, ಸಾಕು.

ನಿವೃತ್ತ_ಮೇಷ್ಟ್ರು_ದುರ್ಗ:

ಚಿತ್ರದ ಹಾಗೆ ಗುರುತು ಹಿಡಿಯುವುದು ಅವರಿಗೆ ಈಗಲೇ ಬರುತ್ತದಪ್ಪ. ಕ್ಯಾನಿನ ಬಣ್ಣ ಗುರುತು ಹಿಡಿದೇ ತಾನೆ ಆ ಹೆಣ್ಣುಮಗಳು ಮೋಸ ಹೋಗಿದ್ದು? 31ನೇ ಪದ ಬಂದರೆ ಏನು ಮಾಡುತ್ತಾಳೆ? 26 ಅಕ್ಷರ ಅಂತೀರಿ. ಅದು ದೊಡ್ಡಕ್ಷರ. ಸಣ್ಣಕ್ಷರ ಇನ್ನೊಂದು 26. ಅಷ್ಟೂ ಕಲಿತ ಮೇಲೂ ಒಂದೊಂದು ಪದದ ಸ್ಪೆಲ್ಲಿಂಗ್ ಹೊಸದಾಗಿ ಉರು ಹೊಡೆಯಬೇಕು. ಕನ್ನಡ ಒಮ್ಮೆ ಕಲಿತರೆ ಕಂಡ ಬೋರ್ಡೆಲ್ಲ ಓದಬಹುದು.

ಕೋಡರ್_ಕೋರಮಂಗಲ:

ಔಟರ್ ರಿಂಗ್ ರೋಡಿನಲ್ಲಿ ಕನ್ನಡ ಬೋರ್ಡ್ ಹುಡುಕಿ ಕೊಡಿ, ಕಾಫಿ ಕೊಡಿಸುತ್ತೇನೆ.

ಜಯನಗರ_4ನೇ_ಬ್ಲಾಕ್:

ಶುರುವಾಯಿತು ನೋಡಿ ಬೋರ್ಡ್ ಗಲಾಟೆ. ದಯವಿಟ್ಟು ಬೇರೆ ಚರ್ಚೆ ತೆರೆಯಿರಿ.

ಗಾರ್ಮೆಂಟ್ಸ್_ಮಗಳು:

ಇಬ್ಬರೂ ಒಂದು ವಿಷಯ ಮರೆತಿದ್ದೀರಿ. ಇವರಿಗೆ ಏನೂ ಬರುವುದಿಲ್ಲ ಅನ್ನುವುದೇ ತಪ್ಪು.

ನಮ್ಮಮ್ಮ 22 ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸ್ಕೂಲ್ ಮೆಟ್ಟಿಲು ಹತ್ತಿದವರಲ್ಲ. ಆದರೆ 500-ಡಿ ಬಸ್ಸು ಬಂದರೆ ದೂರದಿಂದಲೇ ಗೊತ್ತಾಗುತ್ತದೆ. 500-ಸಿ ಬಂದರೆ ಹತ್ತುವುದಿಲ್ಲ. 335-ಇ ಎಲ್ಲಿಗೆ ಹೋಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಅಂದರೆ ಡಿ, ಸಿ, ಇ ಮೂರೂ ಅಕ್ಷರ ಬರುತ್ತವೆ ಅಂತಾಯಿತಲ್ವಾ? ಸೈಜ್ ಲೇಬಲ್ ನೋಡಿ ಎಸ್, ಎಂ, ಎಲ್, ಎಕ್ಸ್‌ಎಲ್ ಬೇರೆ ಮಾಡಿ ಕಟ್ಟು ಕಟ್ಟುತ್ತಿದ್ದರು. ಅಲ್ಲಿಗೆ ಏಳು ಅಕ್ಷರ. ಫೋನ್ ನಂಬರ್ ಒತ್ತುತ್ತಾರೆ, ನೋಟು ಎಣಿಸುತ್ತಾರೆ, ಅಂಕಿ ಪೂರ್ತಿ ಬರುತ್ತದೆ.

ನಾನು ಅಮ್ಮನಿಗೆ ಕಲಿಸಿದ್ದು ಹೀಗೆ. ಅವರಿಗೆ ಬರುವ ಅಕ್ಷರ ಯಾವುದು ಅಂತ ಮೊದಲು ಪಟ್ಟಿ ಮಾಡಿದೆ. ‘ಅಮ್ಮಾ, ನಿನಗೆ ಆಗಲೇ ಏಳು ಬರುತ್ತೆ, ಇನ್ನು 19 ಅಷ್ಟೇ’ ಅಂದೆ. ಮುಖ ನೋಡಬೇಕಿತ್ತು ಆವಾಗ. ಸೊನ್ನೆಯಿಂದ ಶುರು ಮಾಡಿದರೆ ಅವರಿಗೆ ತಾವು ಸೊನ್ನೆ ಅನ್ನಿಸುತ್ತದೆ. ಬಸ್ ನಂಬರಿನಿಂದ ಶುರು ಮಾಡಿ ಸಾರ್.

ಪೀಣ್ಯ_ಲೇತ್:

👏 ಇದು ಪಾಯಿಂಟು.

ಸಿರಾ_ಸೂಪರ್‌ವೈಸರ್:

@ಗಾರ್ಮೆಂಟ್ಸ್_ಮಗಳು, ನಮ್ಮ ಅಕ್ಕಂದಿರಲ್ಲಿ ನಾಲ್ಕು ಜನ 500-ಡಿಯಲ್ಲೇ ಬರುವುದು! ನನಗೆ ಹೊಳೆದೇ ಇರಲಿಲ್ಲ.

ಒಂದು ಹೇಳುವುದು ಮರೆತೆ. 14 ಜನರಲ್ಲಿ ನಾಲ್ವರು ಕನ್ನಡದವರಲ್ಲ. ಇಬ್ಬರು ಒಡಿಶಾ, ಇಬ್ಬರು ಅಸ್ಸಾಂ. ಮಾತಾಡುವಷ್ಟು ಕನ್ನಡ ಕಲಿತಿದ್ದಾರೆ, ಓದಲು ಬರುವುದಿಲ್ಲ. ಅವರಿಗೆ ರ ಗ ಸ ದ ಹೇಳಿಕೊಟ್ಟರೆ ಹೇಗೆ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು_ದುರ್ಗ:

ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ನಮ್ಮ ಕಾಲದಲ್ಲಿ ಜಗಲಿ ಮೇಲೆ ಕೂತವರೆಲ್ಲ ಒಂದೇ ಊರಿನವರು.

ಕೋಡರ್_ಕೋರಮಂಗಲ:

ಹಾಗಾದರೆ ನಾನು ಹೇಳಿದ್ದೇ ಸರಿ.

ನಿವೃತ್ತ_ಮೇಷ್ಟ್ರು_ದುರ್ಗ:

ನಾಲ್ವರಿಗೆ ಸರಿ. ಹತ್ತು ಜನಕ್ಕಲ್ಲ.

ಕಾನೂನು_ಕಟ್ಟೆ:

ಎಲ್ಲರೂ ಕೆಲಸದವರಿಗೆ ಇಂಗ್ಲಿಷ್ ಹೇಗೆ ಕಲಿಸುವುದು ಅಂತ ತಲೆ ಕೆಡಿಸಿಕೊಂಡಿದ್ದೀರಿ. ಚೆಕ್‌ಲಿಸ್ಟ್ ಯಾಕೆ ಇಂಗ್ಲಿಷಿನಲ್ಲಿರಬೇಕು ಅಂತ ಯಾರೂ ಕೇಳುತ್ತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೇ ಬರೆದಿತ್ತು: ಕಾಯ್ದೆ ಪ್ರಕಾರ ಹಾಕಬೇಕಾದ ನೋಟಿಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ ಚಲನ್, ಫಾರಂ ಎಲ್ಲ ಮೂರು ಭಾಷೆಯಲ್ಲಿ ಕೊಡಿ ಅಂತ ಹೇಳಿದೆ. 55 ವರ್ಷದ ಹೆಂಗಸು ಇಂಗ್ಲಿಷ್ ಕಲಿಯಬೇಕು, ಎಂಬಿಎ ಮಾಡಿದ ಮ್ಯಾನೇಜರ್ ಒಂದು ಹಾಳೆಯಲ್ಲಿ ಕನ್ನಡ ಪ್ರಿಂಟ್ ಮಾಡಿಸಲಾರ. ಇದು ಯಾವ ನ್ಯಾಯ?

ಜಯನಗರ_4ನೇ_ಬ್ಲಾಕ್:

ಅದು ಫ್ಯಾಕ್ಟರಿಗೆ ಸಾರ್. ಇದು ಆಫೀಸ್ ಕಟ್ಟಡ. ಅದೂ ಅಲ್ಲದೆ ಟಾಯ್ಲೆಟ್ ಚೆಕ್‌ಲಿಸ್ಟ್ ಕಾಯ್ದೆ ಪ್ರಕಾರದ ನೋಟಿಸಲ್ಲ.

ಕಾನೂನು_ಕಟ್ಟೆ:

ಒಪ್ಪಿದೆ. ಆದರೆ ಅದರ ಹಿಂದಿನ ಬುದ್ಧಿ ಆಫೀಸಿಗೂ ಅನ್ವಯಿಸುತ್ತದೆ. 1948ರಲ್ಲೇ ಇದ್ದ ಬುದ್ಧಿ.

ಗಾಲಿ_ಚಕ್ರ:

ನಾನು ಕ್ಯಾಬ್ ಓಡಿಸುವವನು. ಮೊದಲು ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಲು ಎಂಟನೇ ಕ್ಲಾಸ್ ಪಾಸಾಗಿರಬೇಕಿತ್ತು. ಎಷ್ಟೋ ಒಳ್ಳೆ ಡ್ರೈವರ್‌ಗಳು ಅದೊಂದು ಕಾಗದ ಇಲ್ಲದೆ ಬ್ಯಾಡ್ಜ್ ಸಿಗದೆ ಒದ್ದಾಡಿದರು. 2019ರಲ್ಲಿ ಆ ನಿಯಮ ತೆಗೆದರು. ಸರ್ಕಾರ ತೆಗೆದರೂ ಆಪು ಬಿಡಬೇಕಲ್ಲ! ಎಲ್ಲ ಮೆಸೇಜೂ ಇಂಗ್ಲಿಷು. ‘ಗೇಟ್ ನಂಬರ್ 3 ಹತ್ತಿರ ಇದ್ದೇನೆ’ ಅಂತ ಕಸ್ಟಮರ್ ಟೈಪ್ ಮಾಡಿದರೆ ನನ್ನ ಗೆಳೆಯನಿಗೆ ಓದಲು ಬರುವುದಿಲ್ಲ. ಸುಮ್ನೆ ಫೋನ್ ಮಾಡುತ್ತಾನೆ. ಕಸ್ಟಮರ್ ಕೋಪದಲ್ಲಿ ‘ಮೆಸೇಜ್ ಮಾಡಿದ್ದೀನಲ್ಲ, ಓದೋಕೆ ಬರಲ್ವಾ?’ ಅನ್ನುತ್ತಾರೆ. ಬರಲ್ಲ ಸಾರ್ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅನ್ನುತ್ತಾನೆ.

ಓದು ಬರದವರು ಅದನ್ನು ಮುಚ್ಚಿಡಲು ಎಷ್ಟು ಬುದ್ಧಿ ಖರ್ಚು ಮಾಡುತ್ತಾರೆ ಗೊತ್ತಾ? ಕನ್ನಡಕ ಮರೆತು ಬಂದೆ, ಕೈಗೆ ಪೆಟ್ಟಾಗಿದೆ, ನೀವೇ ಬರೆದುಬಿಡಿ. ಸಿರಾದವರೇ, ನಿಮ್ಮ ಐದು ಜನ ಅಂದಿರಲ್ಲ, ಸರಿಯಾಗಿ ನೋಡಿದರೆ ಏಳು ಇರಬಹುದು.

ಮೇಘನಾ_ಕುಡ್ಲ:

ನಾನು ಮೂಡುಬಿದಿರೆ ಕಡೆಯವಳು, ಇಂಗ್ಲೆಂಡಿನಲ್ಲಿ ನರ್ಸ್. ನನ್ನದು ಬೇರೆ ಮಟ್ಟದ ಇಂಗ್ಲಿಷ್ ಕಷ್ಟ ಮಾರಾಯ್ರೆ, ಆದರೂ ಹೇಳುತ್ತೇನೆ. ಇಲ್ಲಿ ನರ್ಸಿಂಗ್ ರಿಜಿಸ್ಟರ್‌ಗೆ ಸೇರಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತು ಮೂರರಲ್ಲೂ 7 ಬೇಕು. ಬರವಣಿಗೆಗೆ 6.5. ನಾನು ಬರವಣಿಗೆಯಲ್ಲಿ ಎರಡು ಸಲ 6ಕ್ಕೇ ನಿಂತೆ. ನಗರ ಜೀವನ ಒಳ್ಳೆಯದೋ ಹಳ್ಳಿ ಜೀವನವೋ ಅಂತೆಲ್ಲ ಪ್ರಬಂಧ ಬರೆ ಅಂದರೆ ನನಗೆ ಕನ್ನಡದಲ್ಲೂ ಬರುವುದಿಲ್ಲ.

ಆಮೇಲೆ ಒಇಟಿ ಬರೆದೆ. ಅದು ಆಸ್ಪತ್ರೆ ಕೆಲಸದವರಿಗೇ ಮಾಡಿದ ಪರೀಕ್ಷೆ. ರೋಗಿಯ ಕೇಸ್ ನೋಟ್ಸ್ ಕೊಡುತ್ತಾರೆ, ನೋಡಿ ಕಾಗದ ಬರೆಯಬೇಕು. ಮಾತಿನ ಪರೀಕ್ಷೆಯಲ್ಲಿ ಎದುರಿಗೆ ಕೂತವರು ರೋಗಿಯ ಪಾತ್ರ ಮಾಡುತ್ತಾರೆ, ನಾವು ನರ್ಸ್. ಒಂದೇ ಸಲಕ್ಕೆ ಪಾಸ್. ಇಂಗ್ಲಿಷ್ ಅದೇ, ನಾನೂ ಅದೇ. ದಿನಾ ಮಾಡುವ ಕೆಲಸದ ಮಾತು ಕೇಳಿದರು, ಬಂತು.

ಹಾಗಾಗಿ ಪೀಣ್ಯದವರು ಹೇಳಿದ್ದಕ್ಕೆ ನನ್ನ ವೋಟು.

ಮೆಲ್ಬರ್ನ್_ಮಾವ:

ಇಲ್ಲಿ ಆಸ್ಟ್ರೇಲಿಯಾದಲ್ಲಿ ವಲಸೆ ಬಂದ ದೊಡ್ಡವರಿಗೆ ಸರ್ಕಾರವೇ ಪುಕ್ಕಟೆ ಇಂಗ್ಲಿಷ್ ಕ್ಲಾಸ್ ನಡೆಸುತ್ತದೆ. ಎಎಂಇಪಿ ಅಂತ. ಮೊದಲು 510 ಗಂಟೆ ಅಂತ ಮಿತಿ ಇತ್ತು, 2021ರಲ್ಲಿ ಅದನ್ನೂ ತೆಗೆದರು. ನನ್ನ ಹೆಂಡತಿ ಹೋಗುತ್ತಿದ್ದಳು. ಮೊದಲ ವಾರದ ಪಾಠ ಏನು ಗೊತ್ತಾ? ಹುಷಾರಿಲ್ಲ, ಇವತ್ತು ಕೆಲಸಕ್ಕೆ ಬರುವುದಿಲ್ಲ ಅಂತ ಫೋನ್ ಮಾಡಿ ಹೇಳುವುದು!

ಸುಮ್ನೆ_ಓದುಗ:

ಅದನ್ನು ಮಾತ್ರ ಕಲಿಸಬೇಡಿ ಸಿರಾದವರೇ, ಸೋಮವಾರ ಒಬ್ಬರೂ ಬರಲ್ಲ.

ಪಿಎಫ್_ಪುರಾಣ:

ನಾನು ಪೇರೋಲ್‌ನಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದೇನೆ. ಎಲ್ಲರೂ ಕ್ಯಾನು, ಚೆಕ್‌ಲಿಸ್ಟ್ ಅನ್ನುತ್ತಿದ್ದೀರಿ. ಅದೆಲ್ಲ ಕಂಪನಿಗೆ ಬೇಕಾದ ಇಂಗ್ಲಿಷ್. ಕೆಲಸದವರಿಗೆ ಬೇಕಾದ ಇಂಗ್ಲಿಷ್ ಬೇರೆ ಇದೆ. ಅದು ಪೇ ಸ್ಲಿಪ್ಪಿನಲ್ಲಿದೆ.

ಮೊದಲು ಕಲಿಸಬೇಕಾದ ಪದ ಅವರವರ ಹೆಸರು. ಆಧಾರ್‌ನಲ್ಲಿರುವ ಸ್ಪೆಲ್ಲಿಂಗ್ ಪ್ರಕಾರ. ನಗಬೇಡಿ. ನಾನು ನೋಡಿದ ಒಬ್ಬ ಹೆಂಗಸಿನ ಹೆಸರಿನಲ್ಲಿ ‘ಕ್ಷ’ ಇತ್ತು. ಆಧಾರ್‌ನಲ್ಲಿ ಕೆ ಎಸ್ ಎಚ್ ಅಂತ ಹಾಕಿದ್ದರು. ಪಿಎಫ್ ದಾಖಲೆಯಲ್ಲಿ ಎಕ್ಸ್ ಹಾಕಿದ್ದರು. ಸೇರಿಸುವಾಗ ಯಾರೋ ಗುಮಾಸ್ತ ತನಗೆ ತೋಚಿದ ಹಾಗೆ ಟೈಪ್ ಮಾಡಿದ್ದು. ಆಕೆ ಸಹಿ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಮಗಳ ಮದುವೆಗೆ ದುಡ್ಡು ತೆಗೆಯಲು ಹೋದಾಗ ಅರ್ಜಿ ವಾಪಸ್. ತಿದ್ದುಪಡಿ ಆಗುವ ಹೊತ್ತಿಗೆ ಮದುವೆ ಮುಗಿದು, ಕೈಸಾಲದ ಬಡ್ಡಿ ಓಡುತ್ತಿತ್ತು. ಆ ಎಕ್ಸ್ ಅಕ್ಷರ ಅವಳಿಗೆ ಗೊತ್ತಿದ್ದಿದ್ದರೆ ಸೇರಿದ ದಿನವೇ ಸರಿ ಮಾಡಿಸುತ್ತಿದ್ದಳು.

ಎರಡನೆಯದು ಕಡಿತ. ಪಿಎಫ್‌ಗೆ ನೌಕರರ ಪಾಲು 12%. ಇಎಸ್‌ಐಗೆ, ಅಂದರೆ ನೌಕರರ ಆರೋಗ್ಯ ವಿಮೆಗೆ, 2019ರ ಜುಲೈನಿಂದ 0.75%. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಬರುತ್ತದೆ. ‘ಸಂಬಳದಲ್ಲಿ ಏನೋ ಹಿಡ್ಕೋತಾರೆ’ ಅನ್ನುತ್ತಾರೆ ಎಲ್ಲರೂ. ಏನು ಅಂತ ಗೊತ್ತಿಲ್ಲ. ಮಗುವಿಗೆ ಜ್ವರ ಬಂದರೆ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಹೋಗುತ್ತಾರೆ, ಇಎಸ್‌ಐಗೆ ಪ್ರತಿ ತಿಂಗಳೂ ದುಡ್ಡು ಕಟ್ಟುತ್ತಲೇ ಇರುತ್ತಾರೆ! ಪಿಎಫ್‌ನ 12 ಅಂಕಿಯ ಯುಎಎನ್ ನಂಬರ್ ಬಾಯಿಪಾಠ ಮಾಡಿಸಿ. ಹತ್ತು ಅಂಕಿಯ ಫೋನ್ ನಂಬರ್ ನೆನಪಿಡುವವರಿಗೆ ಇನ್ನೆರಡು ಕಷ್ಟವಾ?

ಕಾನೂನು_ಕಟ್ಟೆ:

ಇದನ್ನು ಯಾವ ಸೂಪರ್‌ವೈಸರ್ ಕಲಿಸುತ್ತಾನೆ? ಮರುದಿನವೇ ಏಜೆನ್ಸಿಯವರು ‘ಯೂನಿಯನ್ ಕಟ್ತಿದ್ದೀಯಾ?’ ಅನ್ನುತ್ತಾರೆ.

ಸಿರಾ_ಸೂಪರ್‌ವೈಸರ್:

ನಿಜ ಹೇಳಬೇಕೆಂದರೆ ನನಗೂ ಆ ಭಯ ಇದೆ. ಆದರೆ ನನ್ನದೇ ಪೇ ಸ್ಲಿಪ್ ನಾನು ಸರಿಯಾಗಿ ನೋಡಿರಲಿಲ್ಲ. ನಿನ್ನೆ ರಾತ್ರಿ ತೆಗೆದು ನೋಡಿದೆ. ನನ್ನ ಅಪ್ಪನ ಹೆಸರು ತಪ್ಪಾಗಿದೆ.

ಪಿಎಫ್_ಪುರಾಣ:

😄 ನಾಳೆಯೇ ಸರಿ ಮಾಡಿಸಿ. ನಗುವ ವಿಷಯ ಅಲ್ಲ ಅಂತ ಹೇಳಿದವಳೇ ನಕ್ಕೆ, ಕ್ಷಮಿಸಿ.

ಲೈಬ್ರರಿ_ಅಣ್ಣ:

ಆಪ್, ಪುಸ್ತಕ ಅಂತ ಕೇಳಿದ್ದಿರಿ. ನಾನು ಗ್ರಾಮ ಪಂಚಾಯ್ತಿ ಲೈಬ್ರರಿಯಲ್ಲಿದ್ದೇನೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಗೊತ್ತಿರುವುದು ಹೇಳುತ್ತೇನೆ.

ಕೇಂದ್ರ ಸರ್ಕಾರದ ಉಲ್ಲಾಸ್ ಅಂತ ಕಾರ್ಯಕ್ರಮ ಇದೆ, 2022ರಿಂದ 2027ರವರೆಗೆ. 15 ವರ್ಷ ದಾಟಿದ, ಶಾಲೆ ತಪ್ಪಿದ ಯಾರು ಬೇಕಾದರೂ ಸೇರಬಹುದು. ಕಲಿಸುವವರು ಸ್ವಯಂಸೇವಕರು, ಸಂಬಳ ಇಲ್ಲ. ಮೊಬೈಲ್ ಆಪ್‌ನಲ್ಲಿ ಕಲಿಯುವವರನ್ನೂ ಕಲಿಸುವವರನ್ನೂ ನೋಂದಾಯಿಸಬಹುದು. ಕೊನೆಗೆ ಓದು, ಬರಹ, ಲೆಕ್ಕ ತಲಾ 50 ಅಂಕದ ಪರೀಕ್ಷೆ, ಒಟ್ಟು 150. ಪಾಸಾದರೆ ಸರ್ಟಿಫಿಕೇಟ್. ಕರ್ನಾಟಕದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯವನ್ನು ವಿಚಾರಿಸಿ. ಇದು ಇಂಗ್ಲಿಷ್ ಕಲಿಸುವುದಿಲ್ಲ, ಅಕ್ಷರ ಮತ್ತು ಲೆಕ್ಕ.

ಐದನೇ, ಏಳನೇ ಕ್ಲಾಸಿಗೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ಅದರಲ್ಲಿ ಎ, ಬಿ, ಸಿ ಅಂತ ಮೂರು ಹಂತ. ಮೂರನೇ, ಐದನೇ, ಎಂಟನೇ ಕ್ಲಾಸಿಗೆ ಸಮ. ಆಮೇಲೆ ಹತ್ತನೇ ಕ್ಲಾಸ್. ವಯಸ್ಸು ಮೀರಿತು ಅನ್ನುವ ಮಾತಿಲ್ಲ.

ಎರಡನ್ನೂ ಬೆರೆಸಬೇಡಿ. ಓದಲೇ ಬರದವರದು ಒಂದು ಗುಂಪು, ಓದು ಬಂದು ಇಂಗ್ಲಿಷ್ ಬರದವರದು ಇನ್ನೊಂದು. ಒಂದೇ ಚಾಪೆ ಮೇಲೆ ಕೂರಿಸಿದರೆ ಒಬ್ಬರಿಗೆ ಬೋರು, ಇನ್ನೊಬ್ಬರಿಗೆ ಅವಮಾನ.

ಹಾಸನ_ಹೈದ:

ಚರ್ಚೆಗೆ ಸ್ವಲ್ಪ ಪಕ್ಕದ ವಿಷಯ. ನಾನು ಕನ್ನಡ ಮೀಡಿಯಂ, ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದೇನೆ. ಓದುತ್ತೇನೆ, ಬರೆಯುತ್ತೇನೆ, ಮೀಟಿಂಗ್‌ನಲ್ಲಿ ಬಾಯಿ ಬಿಡಲು ಆಗುವುದಿಲ್ಲ. 18,000 ರೂಪಾಯಿ ಕೊಟ್ಟು ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಿದೆ. ಮೂರು ತಿಂಗಳು ಟೆನ್ಸ್ ಚಾರ್ಟ್ ಕಾಪಿ ಮಾಡಿಸಿದರು. 60 ಜನ ಒಂದು ರೂಮಿನಲ್ಲಿ. ಮಾತಾಡಿದ್ದು ಮೇಷ್ಟ್ರು ಒಬ್ಬರೇ. ಅವರ ಇಂಗ್ಲಿಷ್ ಚೆನ್ನಾಗಿ ಸುಧಾರಿಸಿತು.

ಮೇಘನಾ_ಕುಡ್ಲ:

😂😂 ಬಿಬಿಸಿ ಲರ್ನಿಂಗ್ ಇಂಗ್ಲಿಷ್ ನೋಡಿ, ಪುಕ್ಕಟೆ. ಆರಾರು ನಿಮಿಷದ ಆಡಿಯೊ ಇರುತ್ತದೆ, ಕೆಳಗೆ ಬರಹವೂ ಇರುತ್ತದೆ. ಬಸ್ಸಿನಲ್ಲಿ ಕೇಳಿ. ರೂಮಿಗೆ ಬಂದು ಅದೇ ಮಾತನ್ನು ಜೋರಾಗಿ ಹೇಳಿ. ಕನ್ನಡಿ ಮುಂದೆ ನಿಂತು ಹೇಳಿ ಅಂತೆಲ್ಲ ಹೇಳುತ್ತಾರೆ, ಅದು ಬೇಡ, ನಗು ಬರುತ್ತದೆ.

ಗಾಲಿ_ಚಕ್ರ:

ಹಾಸನದವರೇ, ಏರ್‌ಪೋರ್ಟ್ ಟ್ರಿಪ್ ಹೊಡೆಯಿರಿ. ಒಂದು ಗಂಟೆ ಹಿಂದಿನ ಸೀಟಿನವರು ಫೋನಿನಲ್ಲಿ ಮಾತಾಡುವುದು ಕೇಳಿ ಕೇಳಿ ನಾನು ಕಲಿತಿದ್ದು. ‘ಲೆಟ್ ಮಿ ಗೆಟ್ ಬ್ಯಾಕ್ ಟು ಯು’ ಅಂದರೆ ಕೆಲಸ ಆಗಲ್ಲ ಅಂತ ಅರ್ಥ. ಇದು ಯಾವ ಕ್ಲಾಸಿನಲ್ಲೂ ಹೇಳಿಕೊಡಲ್ಲ.

ಕೋಡರ್_ಕೋರಮಂಗಲ:

ಅದು ಮಾತ್ರ ನೂರಕ್ಕೆ ನೂರು ನಿಜ.

ಸಿರಾದವರಿಗೆ ಒಂದು ಉಪಯೋಗದ ಮಾತು ಹೇಳಿ ಹೋಗುತ್ತೇನೆ. ಯಾರ ಹತ್ತಿರವಾದರೂ ಸ್ಮಾರ್ಟ್‌ಫೋನ್ ಇದ್ದರೆ ಗೂಗಲ್ ಲೆನ್ಸ್ ತೆರೆದು ಕ್ಯಾನಿನ ಲೇಬಲ್ಲಿಗೆ ಹಿಡಿಯಿರಿ. ಬರೆದಿರುವುದನ್ನು ಕನ್ನಡಕ್ಕೆ ತಿರುಗಿಸುತ್ತದೆ, ಓದಿಯೂ ಹೇಳುತ್ತದೆ. ಒಡಿಯಾಕ್ಕೂ ತಿರುಗಿಸುತ್ತದೆ. ಕೆಲವೊಮ್ಮೆ ಅನುವಾದ ಹಾಸ್ಯಾಸ್ಪದ, ಆದರೆ ಅಪಾಯದ ಪದ ಗೊತ್ತಾಗುತ್ತದೆ.

ನಿವೃತ್ತ_ಮೇಷ್ಟ್ರು_ದುರ್ಗ:

ಆಸಿಡ್ ಬಾಟಲಿ ಹಿಡಿದ ಒದ್ದೆ ಕೈಯಲ್ಲಿ ಫೋನ್ ಹಿಡಿಯಬೇಕಾ?

ಕೋಡರ್_ಕೋರಮಂಗಲ:

ಮೇಷ್ಟ್ರೇ, ನಿಮ್ಮ ಹತ್ತಿರ ಗೆಲ್ಲೋಕಾಗಲ್ಲ.

ಗಾರ್ಮೆಂಟ್ಸ್_ಮಗಳು:

ಸಿರಾದವರೇ ಎಲ್ಲಿ ಹೋದಿರಿ? ಶುರು ಮಾಡಿದ್ರಾ?

ಸಿರಾ_ಸೂಪರ್‌ವೈಸರ್ (ಏಳು ವಾರದ ನಂತರ):

ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಯಿತು. ಏನೇನಾಯಿತು ಹೇಳುತ್ತೇನೆ.

ಮೊದಲ ದಿನವೇ ಕೆಂಪು ಟೇಪ್ ಸುತ್ತಿದೆ. ಕ್ಯಾನ್ ಅದಲು ಬದಲು ಪೂರ್ತಿ ಬಂದ್. ಸ್ಟೋರಿನವನ ಜೊತೆ ಸಣ್ಣ ಜಗಳವೂ ಆಯಿತು, ಇರಲಿ.

ಎರಡು ಗುಂಪು ಮಾಡಿದೆ. ಗಾಲಿ_ಚಕ್ರ ಹೇಳಿದ್ದು ಸರಿ, ಓದು ಬರದವರು ಐದಲ್ಲ, ಏಳು. ಇಬ್ಬರು ಪಕ್ಕದವಳನ್ನು ನೋಡಿ ಟಿಕ್ ಹಾಕುತ್ತಿದ್ದರಂತೆ. ಬಸ್ ನಂಬರಿನಿಂದ ಶುರು ಮಾಡಿದೆ. ‘ಡಿ’ ಅಂತ ಬೋರ್ಡಿನಲ್ಲಿ ಬರೆದಾಗ ಒಬ್ಬರು ‘ಹೆಬ್ಬಾಳ!’ ಅಂದರು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಕ್ಯಾನಿನ ನಂಬರು. ನಮ್ಮಲ್ಲಿ ಆರ್ ಒನ್ ಬಾತ್‌ರೂಮಿಗೆ, ಆರ್ ತ್ರೀ ಗಾಜಿಗೆ, ಆರ್ ಸಿಕ್ಸ್ ಕಮೋಡಿಗೆ. ಹೆಸರು ಬಾಯಲ್ಲಿ ದಿನಾ ಇದ್ದಿದ್ದೇ. ಆ ಆರ್ ಅನ್ನುವುದು ಕಣ್ಣಿಗೆ ಹೀಗೆ ಕಾಣುತ್ತದೆ ಅಂತ ತೋರಿಸಿದ್ದು ಮಾತ್ರ ಹೊಸದು. ದೊಡ್ಡಕ್ಷರ ಮಾತ್ರ ಕಲಿಸಿದೆ. ಕ್ಯಾನಿನ ಮೇಲೆ ಎಲ್ಲ ದೊಡ್ಡಕ್ಷರವೇ ಇರುವುದು, ಸಣ್ಣಕ್ಷರ ಆಮೇಲೆ ನೋಡೋಣ ಅಂತ.

ಹೆಸರು ಬರೆಯುವುದು ಎಲ್ಲರಿಗೂ ಬಂತು, ಒಬ್ಬರಿಗೆ ಬಿಟ್ಟು. ಅವರಿಗೆ ಕಣ್ಣೇ ಸರಿ ಕಾಣುತ್ತಿರಲಿಲ್ಲ! ಇಎಸ್‌ಐನಲ್ಲಿ ತೋರಿಸಿದೆವು. ಮೂರು ಜನರ ಪಿಎಫ್ ಹೆಸರಿನಲ್ಲಿ ತಪ್ಪು ಸಿಕ್ಕಿದೆ. ತಿದ್ದುಪಡಿಗೆ ಕೊಟ್ಟಿದ್ದೇವೆ. ಏಜೆನ್ಸಿಯವರು ಮುಖ ಗಂಟು ಹಾಕಿದರು, ಯೂನಿಯನ್ ಅನ್ನಲಿಲ್ಲ.

ಮೇಷ್ಟ್ರೇ, ನೀವು ಬೈಯಬೇಡಿ. ಕನ್ನಡ ಅಕ್ಷರಕ್ಕೆ ನನ್ನ ಹತ್ತಿರ ಟೈಮ್ ಸಿಗಲಿಲ್ಲ. ಆದರೆ ಕನ್ನಡದ ಮೂವರು ಅಕ್ಕಂದಿರು ತಾವೇ ಕೇಳಿದರು, ‘ಇಂಗ್ಲಿಷಲ್ಲಿ ಹೆಸರು ಬರೀತೀವಿ, ಕನ್ನಡದಲ್ಲಿ ಬರಲ್ಲ ಅಂದ್ರೆ ನಾಚಿಕೆ ಅಲ್ವಾ ಸಾರ್?’ ಅಂತ. ಅವರಿಗೆ ಮನೆಯಲ್ಲಿ ಮಕ್ಕಳು ಹೇಳಿಕೊಡುತ್ತಿದ್ದಾರೆ. ರ ಗ ಸ ದ ಅ ಚೀಟಿ ಬರೆದು ಕೊಟ್ಟಿದ್ದೇನೆ.

ಇನ್ನೊಂದು ಹೇಳಲೇಬೇಕು. ಆಸಿಡ್ ಘಾಟು ಕುಡಿದ ಅದೇ ಅಕ್ಕ ಮೊನ್ನೆ ಚೆಕ್‌ಲಿಸ್ಟ್ ಹಾಳೆ ಮತ್ತು ಹ್ಯಾಂಡ್‌ವಾಶ್ ಕ್ಯಾನ್ ಎರಡನ್ನೂ ಹಿಡಿದುಕೊಂಡು ಬಂದರು. ‘ಸಾರ್, ಕ್ಯಾನ್ ಮೇಲೆ ಎಸ್ ಓ ಎ ಪಿ ಅಂತಿದೆ. ನೀವು ಹಾಳೆಯಲ್ಲಿ ಎಸ್ ಓ ಯು ಪಿ ಅಂತ ಬರೆದಿದ್ದೀರಿ. ಎರಡೂ ಒಂದೇನಾ?’

ಎರಡು ವರ್ಷದಿಂದ ಎಲ್ಲ ಫ್ಲೋರಿನಲ್ಲೂ ನನ್ನ ಕೈಬರಹದ ಅದೇ ಹಾಳೆ ಝೆರಾಕ್ಸ್ ಆಗಿ ನೇತಾಡುತ್ತಿದೆ.

ಸುಮ್ನೆ_ಓದುಗ:

ಅಂದರೆ ಎರಡು ವರ್ಷ ಟಾಯ್ಲೆಟ್ಟಿನಲ್ಲಿ ಗಂಟೆಗೊಮ್ಮೆ ಸೂಪ್ ತುಂಬಿಸಿ ಸಹಿ ಹಾಕಿದ್ದೀರಿ!

ಪೀಣ್ಯ_ಲೇತ್:

ಯಾವ ಸೂಪು? ಟೊಮ್ಯಾಟೊನಾ?

ನಿವೃತ್ತ_ಮೇಷ್ಟ್ರು_ದುರ್ಗ:

ಬೈಯುವುದಿಲ್ಲ. ಆ ಹೆಣ್ಣುಮಗಳಿಗೆ ಸಣ್ಣಕ್ಷರವನ್ನೂ ಶುರು ಮಾಡಿ. ಮತ್ತೆ ಹಾಳೆ ಬದಲಿಸುವಾಗ ಪಕ್ಕದಲ್ಲಿ ಕನ್ನಡವನ್ನೂ ಬರೆಯಿರಿ, ಮ್ಯಾನೇಜರ್ ಏನೆನ್ನುತ್ತಾರೆ ನೋಡೋಣ.

ಸಿರಾ_ಸೂಪರ್‌ವೈಸರ್:

ಹೊಸ ಹಾಳೆ ಆಗಲೇ ಬರೆದಾಯಿತು ಮೇಷ್ಟ್ರೇ, ಎರಡೂ ಭಾಷೆಯಲ್ಲಿ. ಪ್ರಿಂಟಿಗೆ ಕೊಡುವ ಮುಂಚೆ ಅಕ್ಕನಿಗೆ ತೋರಿಸಿದ್ದೇನೆ. ‘ಮಿರರ್’ ಹತ್ತಿರ ನಿಂತಿದ್ದಾರೆ, ಇನ್ನೂ ಓಕೆ ಅಂದಿಲ್ಲ.